ಬಂದ್ ಅನ್ನದ ಲೈಟ್ ಮಾಳಪ್ಪ

ಜೀವನವೆಲ್ಲ ಕರೆಂಟಿನ ಕೆಲಸ ಮಾಡಿದ ಮನುಷ್ಯ 'ಬಂದ್' ಎಂಬ ಮಾತನ್ನು ಬಾಯಿಗೇ ತರಲಿಲ್ಲ ಎಂದರೆ ಯಾರೂ ನಂಬಲಿಕ್ಕಿಲ್ಲ. ಹುನ್ನೂರಿನ ಲೈಟ್ ಮಾಳಪ್ಪ ತರಲಿಲ್ಲ. ಸ್ವಿಚ್ ಬಂದ್ ಮಾಡು, ಮೇನ್ ಬಂದ್ ಇಡು, ಫ್ಯಾನ್ ಬಂದ್ ಬಿತ್ತು. ನಮ್ಮ ಜಮಖಂಡಿ ಸೀಮೆಯಲ್ಲಿ ವಾಯರಮನ್ ಆದವನಿಗೆ ಈ ಮಾತಿಲ್ಲದೆ ಹೊತ್ತು ಹೋಗುವುದಿಲ್ಲ. ಮಾಳಪ್ಪ ಕಾಕಾ ಅದರ ಬದಲು 'ದೊಡ್ಡದು ಮಾಡು' ಅನ್ನುತ್ತಿದ್ದ. ದೇವರ ಮುಂದಿನ ದೀಪವನ್ನು ಆರಿಸು ಅನ್ನಬಾರದು, ದೊಡ್ಡದು ಮಾಡು ಅನ್ನಬೇಕು ಎಂದು ಮನೆಯ ಹಿರಿಯ ಹೆಣ್ಣುಮಕ್ಕಳು ಹೇಳುವುದುಂಟು. ಡಬ್ಬಿಯಲ್ಲಿ ಕುಂಕುಮ ಮುಗಿದರೆ ಹೆಚ್ಚಿತು ಅನ್ನುವ ಹಾಗೆ ಅದೂ ಒಂದು. ಆದರೆ ಅದು ಎಣ್ಣೆದೀಪದ ಮಾತು. ಕಾಕಾ ಅದನ್ನು ಟ್ಯೂಬಲೈಟಿಗೂ ಫ್ಯಾನಿಗೂ ಪಂಪಸೆಟ್ಟಿಗೂ ಹಿಟ್ಟಿನ ಗಿರಣಿಗೂ ಹಚ್ಚಿಬಿಟ್ಟಿದ್ದ. ಒಮ್ಮೆ ಸಾವಳಗಿಯಲ್ಲಿ "ಗಿರಣಿ ದೊಡ್ಡದು ಮಾಡ್ರೀ" ಎಂದು ಅವನು ಕಂಬದ ಬುಡದಿಂದ ಕೂಗಿದಾಗ, ಗಿರಣಿಯ ಹೊಸ ಆಳು ಪಾಪ, ಇನ್ನೂ ಒಂದು ಬುಟ್ಟಿ ಜೋಳ ಸುರಿದನಂತೆ.

ಕಾಕಾ ಎತ್ತರದ ಆಳು. ಹಣೆಯ ಮೇಲೆ ಬೀರಪ್ಪ ದೇವರ ಗುಡಿಯ ಭಂಡಾರದ ಅರಿಶಿನ, ಕಿಸೆಯಲ್ಲಿ ಟೆಸ್ಟರ್, ಎಣ್ಣೆ ಹಚ್ಚಿ ತಿರುವಿದ ಮೀಸೆ. ಆ ಮೀಸೆಯ ಬಗ್ಗೆ ಅವನಿಗೆ ಬಹಳ ಅಭಿಮಾನ. ಏಣಿ ಹತ್ತುವ ಮೊದಲು ಯಾರ ಮನೆಯದಾದರೂ ಸರಿ, ಒಂದು ಕನ್ನಡಿ ಹುಡುಕಿ ಅದನ್ನು ನೆಟ್ಟಗೆ ಮಾಡಿಕೊಂಡೇ ಹತ್ತುತ್ತಿದ್ದ. ಏಣಿಯನ್ನು ಯಾರಿಗೂ ಕೊಡುತ್ತಿರಲಿಲ್ಲ. "ಏಣಿ ಮತ್ತ ಹೆಂಡ್ತಿ ಎರವಲ ಕೊಡೂ ಸಾಮಾನಲ್ಲ" ಎಂದು ಹೆಂಡತಿಯ ಎದುರೇ ಹೇಳಿ ಬೈಸಿಕೊಳ್ಳುತ್ತಿದ್ದ.

ತಂತಿಗೆ ಕೈ ಹಚ್ಚುವ ಮುಂಚೆ ಅವನದೊಂದು ಶಾಸ್ತ್ರವಿತ್ತು. ಮೇನ್ ಹತ್ತಿರ ನಿಂತವನಿಗೆ "ದೊಡ್ಡದಾತೇನು?" ಎಂದು ಕೂಗಬೇಕು. ಅವನು "ಆತು" ಅನ್ನಬೇಕು. "ಹೂಂ" ಅಂದರೆ ನಡೆಯುತ್ತಿರಲಿಲ್ಲ. ಯಾರಾದರೂ "ಹೂಂ" ಅಂದರೆ ಕಾಕಾ ಏಣಿಯಿಂದ ಇಳಿದು ಬಂದು ಅವನ ಮುಂದೆ ನಿಂತು, "ಹೂಂ ಅನ್ನೂದು ಮಾತಲ್ಲೋ, ಅದು ಗಾಳಿ. ಬಾಯಿ ತಗದು ಆತು ಅನ್ನು" ಎಂದು ಅನ್ನಿಸಿಕೊಂಡು ಮತ್ತೆ ಹತ್ತುತ್ತಿದ್ದ. ಇಷ್ಟಾದ ಮೇಲೂ ಟೆಸ್ಟರ್ ಹಚ್ಚಿ ನೋಡುತ್ತಿದ್ದ. "ಮಾತ ನಂಬು, ಆದ್ರೂ ಟೆಸ್ಟರ್ ಹಚ್ಚು" ಎನ್ನುವುದು ಅವನ ಇನ್ನೊಂದು ಮಾತು. ಹಾಗಾದರೆ ಮಾತು ಯಾಕೆ ಬೇಕು, ಟೆಸ್ಟರೇ ಸಾಕಲ್ಲ ಎಂದು ನಾನು ಕೇಳಿದರೆ, "ನಿನ್ನಂಥವರಿಗೆ ಹೇಳಿ ಏನ್ ಮಾಡೂದೈತಿ" ಎಂದು ಮೀಸೆ ತಿರುವುತ್ತಿದ್ದ.

ನಾನು ಅವನನ್ನು ಮೊದಲು ಕಂಡದ್ದು ಬೀಳಗಿ ಹತ್ತಿರದ ನಮ್ಮ ಊರಿಗೆ ಅಣೆಕಟ್ಟಿನ ಹಿನ್ನೀರು ಬರಲಿದ್ದ ವರ್ಷ. ನಾನಾಗ ಡಿಪ್ಲೊಮಾ ಮುಗಿಸಿ ಮನೆಯಲ್ಲಿದ್ದೆ. ಊರವರೆಲ್ಲ ಬಾಗಿಲು, ತೊಲೆ, ಕಟ್ಟಿಗೆ ಬಿಚ್ಚಿ ಟ್ರ್ಯಾಕ್ಟರಿಗೆ ಹೇರುತ್ತಿದ್ದರು. ವಾಯರು, ಬೋರ್ಡು, ಹೋಲ್ಡರು ಬಿಚ್ಚಿ ಕೊಡಲು ಹುನ್ನೂರಿನಿಂದ ಒಬ್ಬ ಬಂದಿದ್ದಾನೆ ಎಂದರು. ಅವನೇ ಇವನು. ನಮ್ಮ ಅವ್ವ, "ಎಲ್ಲಾ ಬಂದ್ ಮಾಡಿಬಿಡಪಾ ಇನ್ನ" ಎಂದಳು. ಕಾಕಾ ಏಣಿಯ ಮೇಲೆಯೇ ನಿಂತು ಕೈ ಮುಗಿದ. "ಹಂಗನಬ್ಯಾಡವ್ವಾ. ದೊಡ್ಡದು ಮಾಡು ಅನ್ನು. ನಾ ದೊಡ್ಡದು ಮಾಡ್ತೇನಿ." ಅಲ್ಲಿಯವರೆಗೆ ಕಣ್ಣಲ್ಲಿ ಹನಿ ನೀರು ತಾರದ ಅವ್ವ ಅಡುಗೆಮನೆಯ ಬಲ್ಬು ಹೋಲ್ಡರಿನಿಂದ ಬಿಡಿಸುವಾಗ ಅತ್ತುಬಿಟ್ಟಳು. ಅತ್ತು ಹಗುರಾದ ಮೇಲೆ, "ಮನಷ್ಯಾ ಎಷ್ಟ ಛಲೋ ಮಾತಾಡ್ತಾನ ನೋಡು" ಎಂದು ಅವನಿಗೆ ಎರಡು ರೊಟ್ಟಿ ಹೆಚ್ಚು ಬಡಿಸಿದಳು. ದೈವಭಕ್ತ, ಅಪಶಕುನದ ಮಾತಾಡುವುದಿಲ್ಲ ಎಂದು ನಾನೂ ಅಂದುಕೊಂಡೆ. ಬಹಳ ವರ್ಷ ಹಾಗೇ ಅಂದುಕೊಂಡಿದ್ದೆ.

ಆಮೇಲೆ ನಾವು ಜಮಖಂಡಿಗೆ ಬಂದು ಮನೆ ಮಾಡಿದೆವು. ನಾನು ಲೈಟಿನ ಅಂಗಡಿ ಹಾಕಿದೆ. ಮಾಲು ನನ್ನದು, ಏಣಿ ಕಾಕಾನದು. ಅವನ ಭಾಷೆಗೆ ನನ್ನ ಕಿವಿ ಹೊಂದಿಕೊಂಡಿತು. ಬಲ್ಬು ಸುಟ್ಟರೆ 'ಶಾಂತ ಆಗೈತಿ'. ಶಾಕ್ ಹೊಡೆದರೆ 'ಮುಟ್ಟಿ ಮಾತಾಡಿಸ್ತು'. ಇನ್ನೊಂದು ವಿಚಿತ್ರವನ್ನೂ ಗಮನಿಸಿದ್ದೆ. ಬಸ್ಸು ಬಂದು ನಿಂತರೂ ಅವನು 'ಬಸ್ ಬಂದೈತಿ' ಅನ್ನುತ್ತಿರಲಿಲ್ಲ. 'ಬಸ್ ನಿಂತೈತಿ' ಅನ್ನುತ್ತಿದ್ದ. ಕರೆಂಟ್ ಬಂದರೆ 'ಕರೆಂಟ್ ಐತಿ' ಅನ್ನುತ್ತಿದ್ದ. ಬರುವುದರಲ್ಲಿ ಏನು ಅಪಶಕುನ? ನನಗೆ ತಿಳಿಯಲಿಲ್ಲ. ಕೇಳಲೂ ಇಲ್ಲ.

ಕೆಲ ವರ್ಷಗಳ ಮೇಲೆ ಹೊಸ ನಮೂನೆಯ ಮಾಲು ಬಂತು. ಗೋಡೆಯ ಮೇಲೆ ಸ್ವಿಚ್ಚಿಲ್ಲ, ಗುಂಡಿಗಳ ಒಂದು ಪಟ್ಟಿ. ಕಪಾಟಿನಲ್ಲಿ ಸಾಲಾಗಿ ಡಬ್ಬಿಗಳು. ಲೈಟನ್ನು ಹಚ್ಚುವುದಷ್ಟೇ ಅಲ್ಲ, ಬೇಕಾದಷ್ಟು ಮಂದ ಮಾಡಬಹುದು, ಪ್ರಖರ ಮಾಡಬಹುದು. ಒಂದು ಗುಂಡಿ ಒತ್ತಿದರೆ ಯಾವ ಲೈಟು ಎಷ್ಟು ಉರಿಯಬೇಕೆಂದು ಲ್ಯಾಪಟಾಪಿನಲ್ಲಿ ಬರೆದು ಆ ಡಬ್ಬಿಗಳಿಗೆ ತುಂಬಬೇಕು. ಕಂಪನಿಯವರು ಅದಕ್ಕೆ ಸೀನ್ ಎಂದರು. ಕಾಕಾ ದೇಖಾವಿ ಎಂದ. ಗಿರಾಕಿಗಳಿಗೆ ಅವನೇ ಮುಂದೆ ಬಿದ್ದು ವಿವರಿಸುತ್ತಿದ್ದ: "ಒಂದ ಗುಂಡಿ ಒತ್ತಿದ್ರ ಹತ್ತ ಲೈಟ್ ಮಾತ ಕೇಳ್ತಾವ್ರಿ. ಮನ್ಯಾಗ ಮಕ್ಕಳಂತೂ ಕೇಳೂದಿಲ್ಲ, ಲೈಟರ ಕೇಳ್ಲಿ." ಅದರ ಒಳಗುಟ್ಟು ಅವನಿಗೆ ತಿಳಿದಿತ್ತೆಂದಲ್ಲ. ಖರೆ ಹೇಳಬೇಕೆಂದರೆ ನನಗೂ ಅರ್ಧಂಬರ್ಧ.

ಮುಧೋಳದ ಗೊಬ್ಬರದ ಸಾವಕಾರರು ಕಟ್ಟಿಸಿದ ಹೊಸ ಮನೆ ನಮಗೆ ಸಿಕ್ಕ ಮೊದಲ ದೊಡ್ಡ ಕೆಲಸ. ಮಗಳ ಸಾಕರಪುಡಿ, ಅಂದರೆ ನಿಶ್ಚಿತಾರ್ಥ, ಆ ಮನೆಯ ಹಾಲಿನಲ್ಲೇ ನಡೆಯಬೇಕು, ಬೀಗರು ಬಂದಾಗ ಲೈಟು ನೋಡಿ ಮೂಗಿನ ಮೇಲೆ ಬೆರಳಿಡಬೇಕು ಎಂದು ಅವರ ಆಸೆ. "ಇದೊಂದು ಮನಿ ಛಲೋ ಆತಂದ್ರ ಈ ಹೊಸ ಕೆಲಸದಾಗ ನಾನೂ ಉಳೀತೇನಿ. ಇಲ್ಲಂದ್ರ ನಾ ಏಣಿ ಮನ್ಯಾಗಿಟ್ಟು ಕುರಿ ಕಾಯಾಕ ಹೋಗ್ತೇನಿ" ಎಂದ ಕಾಕಾ. ತಮಾಷೆಗೆ ಅಂದದ್ದಲ್ಲ. ಊರಲ್ಲಿ ಹೊಸ ಹುಡುಗರು ಬಂದಿದ್ದರು, ಹಳೆಯ ವಾಯರಮನ್ನರನ್ನು ಕರೆಯುವವರು ಕಡಿಮೆಯಾಗಿದ್ದರು. ಅವನ ಮೀಸೆಯೂ ಬೆಳ್ಳಗಾಗಿತ್ತು.

ಡಬ್ಬಿಗಳ ಕಪಾಟು ಮೇಲಿನ ಮಹಡಿಯಲ್ಲಿ. ನಾನು ಲ್ಯಾಪಟಾಪ್ ಹಿಡಿದು ಅಲ್ಲಿ ಕುಳಿತೆ. ಲೈಟುಗಳು ಕೆಳಗೆ ಹಾಲಿನಲ್ಲಿ. ಅಲ್ಲಿ ಕಾಕಾ ನಿಂತ. ನಾನು ಮೇಲೆ, ಲೈಟು ಕೆಳಗೆ, ನಡುವೆ ಕಾಕಾನ ಬಾಯಿ. ಗೊಂದಲಕ್ಕೆ ಇನ್ನೇನು ಬೇಕು?

"ಕಾಕಾ, ಮೂರನೇ ಲೈನ್ ಏನಾತು?"

"ದೊಡ್ಡದಾತು!"

ದೊಡ್ಡದಾತು ಅಂದರೆ ಆರಿತು ಎಂದು ನನಗೆ ಗೊತ್ತಿರಲಿಲ್ಲವೆ? ಗೊತ್ತಿತ್ತು. ಆದರೆ ಇಲ್ಲಿ ಲೈಟು ನಿಜವಾಗಿಯೂ ಸಣ್ಣದು ದೊಡ್ಡದು ಆಗುತ್ತಿತ್ತು. ಪ್ರಖರವಾದಾಗ ಕಾಕಾ ಏನನ್ನಬೇಕು? ಅವನೂ ಪಾಪ, "ದೊಡ್ಡದಾತು" ಅಂದ. ಆರಿದಾಗಲೂ "ದೊಡ್ಡದಾತು" ಅಂದ. ದನಿಯಲ್ಲಿ ಏನೋ ವ್ಯತ್ಯಾಸ ಇತ್ತಂತೆ, ನನಗೆ ತಿಳಿಯಬೇಕಿತ್ತಂತೆ.

"ಯಾವ ದೊಡ್ಡದು ಕಾಕಾ? ಉರಿಯೂ ದೊಡ್ಡದೋ, ಆರೂ ದೊಡ್ಡದೋ?"

"ಲೇ, ಆರೂದು ಅನಬ್ಯಾಡ!"

"ಮತ್ತೇನನ್ನಲಿ?"

"ದೊಡ್ಡದು ಅನ್ನು!"

ಸಂಜೆ ಎಲ್ಲ ತುಂಬಿ ಮುಗಿಸಿ ಕೆಳಗಿಳಿದು, ಸಾವಕಾರರನ್ನು ಕರೆದು 'ಸ್ವಾಗತ' ಎಂಬ ಗುಂಡಿ ಒತ್ತಿದೆ. ಇಡೀ ಹಾಲು ಕತ್ತಲಾಯಿತು. 'ಮಲಗುವ ಹೊತ್ತು' ಒತ್ತಿದೆ. ಕಣ್ಣು ಕುಕ್ಕುವಂತೆ ಎಲ್ಲ ಹೊತ್ತಿಕೊಂಡವು. ಎತ್ತು ಏರಿಗೆಳೆದರೆ ಕೋಣ ನೀರಿಗೆಳೆಯಿತು ಅಂತಾರಲ್ಲ, ಹಾಗೆ. ಸಾವಕಾರರ ಹೆಂಡತಿ ಗಿರಿಜಕ್ಕ ಕತ್ತಲಲ್ಲಿ ನಕ್ಕಳು. ಸಾವಕಾರರು ನಗಲಿಲ್ಲ.

ಮರುದಿನ ಅದನ್ನು ಸರಿಮಾಡಿದೆ. ಇನ್ನೊಂದು ಪೀಡೆ ಶುರುವಾಯಿತು. ಹಾಲಿನ ಛತ್ತಿನ ಅಂಚಿಗೆ ಹಾಕಿದ್ದ ಲೈಟುಗಳು ಆರಿಸಿದ ಮೇಲೂ ಮಿಣಮಿಣ ಉರಿಯುತ್ತಿದ್ದವು. ಕಾಕಾ ತಲೆ ಎತ್ತಿ ನೋಡಿ ವರದಿ ಒಪ್ಪಿಸಿದ: "ದೊಡ್ಡದಾಗೈತಿ. ಆದ್ರ ಪೂರ್ತಿ ದೊಡ್ಡದಾಗಿಲ್ಲ. ಸಣ್ಣಗ ದೊಡ್ಡದಾಗೈತಿ." ನಾನು ತಲೆಯ ಮೇಲೆ ಕೈಹೊತ್ತು ಮೆಟ್ಟಿಲ ಮೇಲೆ ಕುಳಿತೆ. ಕಂಪನಿಯವನಿಗೆ ಫೋನ್ ಹಚ್ಚಿದರೆ ಅವನು ಇಂಗ್ಲಿಷಿನಲ್ಲಿ ಏನೇನೋ ಓದಿ ಹೇಳಿದ. ಪ್ರೋಗ್ರಾಂ ಅಳಿಸಿ ತುಂಬಿದೆ. ಡಬ್ಬಿ ಬದಲಿಸಿದೆ. ಮಿಣಮಿಣ ಹೋಗಲಿಲ್ಲ.

ಕಡೆಗೆ ಅದು ಹೋದದ್ದು ಹೀಗೆ. ಛತ್ತಿನ ಮೇಲಿನ ಪೊಳ್ಳಿನಲ್ಲಿ ಕತ್ತಲು. ಅಲ್ಲಿ ವಾಯರು ಸರಿಪಡಿಸಲು ಬೆಳಕು ಬೇಕೆಂದು ಕಾಕಾ ಅದೇ ಲೈನಿಗೆ ಒಂದು ಹಳೆಯ ಹಳದಿ ಬಲ್ಬು ಜೋತುಹಾಕಿಕೊಂಡ. ಬಲ್ಬು ಹಾಕಿದ್ದೇ ತಡ, ಆರಿಸಿದಾಗ ಕೆಳಗಿನ ಲೈಟುಗಳು ಪೂರ್ತಿ ಆರತೊಡಗಿದವು. ಬಲ್ಬು ತೆಗೆದರೆ ಮತ್ತೆ ಮಿಣಮಿಣ. ನಾವಿಬ್ಬರೂ ಒಬ್ಬರ ಮುಖ ಒಬ್ಬರು ನೋಡಿಕೊಂಡೆವು. ಡಬ್ಬಿಯಿಂದ ಸೋರುವ ಚೂರು ಕರೆಂಟನ್ನು ಆ ಹಳೆಯ ಬಲ್ಬು ಕುಡಿದುಬಿಡುತ್ತದೆ ಎಂಬುದು ನನಗೆ ಹೊಳೆದದ್ದು ಮರುದಿನ ಗಡ್ಡ ಬೋಳಿಸುವಾಗ. ಅಷ್ಟರಲ್ಲಿ ಕಾಕಾ ಮುಧೋಳದ ಚಹಾದ ಅಂಗಡಿಯಲ್ಲಿ, "ಕಂಪನಿಯವರಿಗೆ ಆಗಲಿಲ್ಲ, ನಾ ಮಾಡಿದೆ" ಎಂದು ಹೇಳಿಯಾಗಿತ್ತು. ಬಲ್ಬನ್ನು ಅಲ್ಲಿಯೇ ಕಾಯಂ ಬಿಟ್ಟೆವು. ಹಾಲಿನ ಲೈಟು ಹೊತ್ತಿದಾಗಲೆಲ್ಲ ಯಾರಿಗೂ ಕಾಣದ ಹಾಗೆ ಅದೂ ಹೊತ್ತುತ್ತಿತ್ತು.

ಮಾತು ಬಲ್ಲವನಿಗೆ ಜಗಳವಿಲ್ಲ ಅನ್ನುತ್ತಾರೆ. ಕಾಕಾನಿಗೆ ಮಾತಿನಿಂದಲೇ ಜಗಳ. ಆ ಮಧ್ಯಾಹ್ನ ಸಾವಕಾರರು "ಆ ಲೈಟ್ ಬಂದ್ ಮಾಡಪಾ" ಎಂದರು. ಕಾಕಾ ಎದ್ದು ಗುಂಡಿ ಒತ್ತಿ, "ದೊಡ್ಡದು ಮಾಡಿದೆ ನೋಡ್ರಿ" ಎಂದ. ಮೊದಲ ಸಂಜೆಯ ಕತ್ತಲನ್ನು ಸಾವಕಾರರು ಇನ್ನೂ ಮರೆತಿರಲಿಲ್ಲ.

"ಏನೋ ಇದು? ಬಂದ್ ಅನ್ನು ಒಮ್ಮೆ."

ಕಾಕಾ ಕೈಯಲ್ಲಿದ್ದ ಟೆಸ್ಟರ್ ಒರೆಸಿದ.

"ನಿನ್ನ ಬಾಯಿಂದ ನನ್ನ ಮನಿ ಮಂದಿಗೆ ತಲಿ ಕೆಟ್ಟೈತಿ. ಬೀಗರ ಮುಂದ ಹಿಂಗ ಒದರಿದ್ರ ನನ್ನ ಮರ್ಯಾದಿ ಏನಾಗಬೇಕು? ಬಂದ್ ಅಂದು ಕೆಲಸಾ ಮಾಡು. ಇಲ್ಲಂದ್ರ ನಾಳಿಂದ ಬರಬ್ಯಾಡ. ಪುಣೆದಿಂದ ಮಂದಿ ತರಸ್ತೇನಿ."

ಕಾಕಾ ಟೆಸ್ಟರ್ ಕಿಸೆಗೆ ಹಾಕಿಕೊಂಡು ಹೊರಗೆ ಬಂದ. ನಾನು ಬೆನ್ನು ಹತ್ತಿದೆ. ಚಹಾದ ಅಂಗಡಿಯಲ್ಲಿ ಕೂಡಿಸಿ ಬೇಡಿಕೊಂಡೆ. "ಕಾಕಾ, ಒಂದ ಮಾತು. ಬಂದ್ ಬ್ಯಾಡ, ಆಫ್ ಅನ್ನು. ಇಂಗ್ಲಿಷಿಗೆ ಏನ್ ಅಪಶಕುನ?"

"ಮನಷ್ಯಾ ಸತ್ರ ಆಫ್ ಆದ ಅಂತಾರ ಈಗಿನ ಹುಡುಗರು. ಅದೂ ಬ್ಯಾಡ."

"ಅಲ್ಲೋ, ದೇವರಿಗಿಂತ ಹೆಚ್ಚಿನ ಮಡಿ ನಿಂದು! ಒಂದ ಮಾತಿಗೆ ಹೊಟ್ಟಿಪಾಡು ಕಳಕೋತಿ?"

ಕಾಕಾ ಚಹಾದ ಕಪ್ಪು ಬದಿಗೆ ಸರಿಸಿದ. ಆಮೇಲೆ, "ದೇವರಿಗೂ ಇದಕ್ಕೂ ಏನೂ ಸಂಬಂಧಿಲ್ಲ ತಮ್ಮಾ" ಎಂದ. ಟೇಬಲ್ಲಿನ ಮೇಲೆ ಚೆಲ್ಲಿದ್ದ ಚಹಾದಲ್ಲಿ ಬೆರಳದ್ದಿ ನಿಧಾನವಾಗಿ ಬರೆದ. ನಾಲ್ಕನೇ ಇಯತ್ತೆವರೆಗೆ ಶಾಲೆ ಕಲಿತವನ ಅಕ್ಷರ. ಮೊದಲು 'ಬಂದೈತಿ'. ಅದರ ಕೆಳಗೆ 'ಬಂದ್ ಐತಿ'.

"ಓದು."

ಓದಿದೆ. ಮತ್ತೊಮ್ಮೆ ಓದು ಎಂದ. ಜೋರಾಗಿ ಓದಿದೆ. ಬರೆದರೆ ಎರಡು, ಬಾಯಿಂದ ಹೊರಟರೆ ಒಂದೇ. ಹುಟ್ಟಿದಾಗಿನಿಂದ ಆಡಿದ ಭಾಷೆಯಲ್ಲಿ ಇಂಥದೊಂದು ಗುಂಡಿ ಬಿದ್ದಿದೆ ಎಂದು ನನಗೆ ಗೊತ್ತೇ ಇರಲಿಲ್ಲ.

"ನಮ್ಮಣ್ಣ ಬೀರಪ್ಪ ಕಂಬದ ಮ್ಯಾಲಿದ್ದ. ನಾ ಬುಡಕ. ಆಗಿನ್ನೂ ಇಬ್ರೂ ಹರೇದಾವ್ರು. ಕರೆಂಟ್ ಹೋಗಿತ್ತು, ಅಂವ ತಂತಿ ಕಟ್ಟಾಕತ್ತಿದ್ದ. ಎದರಿನ ಮನ್ಯಾಗ ಬಲ್ಬ್ ಹತ್ತಿದ್ದ ನಾ ನೋಡಿದೆ. ಒದರಿದೆ." ಟೇಬಲ್ಲಿನ ಮೇಲಿನ ಮೊದಲ ಮಾತಿನ ಮೇಲೆ ಬೆರಳಿಟ್ಟ. "ನಾ ಇದನ್ನ ಅಂದೆ." ಬೆರಳು ಕೆಳಗೆ ಜಾರಿಸಿದ. "ಅಂವಗ ಇದು ಕೇಳ್ಸ್ತು. ಬಿಡು ಅಂತ ನಾ ಒದರಿದ್ರ, ಹಿಡಿ ಅಂದಂಗಾತು. ಹಿಡದ."

ಬೀರಪ್ಪ ಉಳಿದ. ಆದರೆ ಬಲಗೈ ಮತ್ತೆ ಏಳಲಿಲ್ಲ.

"ನಾ ಖರೇನ ಹೇಳಿದ್ದೆ ತಮ್ಮಾ. ಸುಳ್ಳ ಹೇಳಿ ಕೆಡಸಿದ್ರ ಒಂದ ಮಾತು. ಖರೆ ಹೇಳಿ ಕೆಡಸಿದೆ. ಮಾತ ಆಡಿದ್ರ ಹೋತು, ಮುತ್ತ ಒಡದ್ರ ಹೋತು." ಅಂಗೈಯಿಂದ ಚಹಾದ ಅಕ್ಷರ ಒರೆಸಿದ. "ಅವತ್ತಿಂದ ಆ ಎರಡೂ ಮಾತು ನನಗ ಬ್ಯಾಡ. ಬ್ಯಾರೆ ಮಾತು ಹುಡಕ್ಯಾಡಿದೆ. ನಮ್ಮವ್ವ ದಿನಾ ದೀಪಕ್ಕ ಅಂತಿದ್ಲು, ಅದು ಸಿಕ್ತು. ಅದನ್ನ ಬ್ಯಾರೆ ಯಾವುದರ ಕೂಡನೂ ಕಲಸಾಕ ಬರೂದಿಲ್ಲ ಅಂದಕೊಂಡಿದ್ದೆ. ನೀ ಈ ಸಣ್ಣದು ದೊಡ್ಡದು ಆಗೂ ಡಬ್ಬಿ ತಂದು ಅದನ್ನೂ ಕೆಡಸಿದಿ."

ಅವನ ಮೇಲೆ ಬಂದಿದ್ದ ಸಿಟ್ಟು ಎಲ್ಲಿಗೆ ಹೋಯಿತೋ. ಚಹಾ ಕುಡಿದೆವು. ಕಾಕಾ ಏಣಿಯನ್ನು ಭುಜಕ್ಕೆ ಹಾಕಿಕೊಂಡು ಹುನ್ನೂರಿಗೆ ಹೋದ. ಉಳಿದ ಕೆಲಸ ನಾನೊಬ್ಬನೇ ಮುಗಿಸಿದೆ.

ಸಾಕರಪುಡಿಯ ಸಂಜೆ ಹಾಲಿನ ತುಂಬ ಮಂದಿ. ನಾನು ಲ್ಯಾಪಟಾಪ್ ಚೀಲ ಹೊತ್ತು ಗೋಡೆಗೆ ಆನಿಕೊಂಡು ನಿಂತಿದ್ದೆ, ಏನಾದರೂ ಕೈಕೊಟ್ಟರೆ ಎಂಬ ಭಯ. ನೋಡುತ್ತೇನೆ, ಊಟದ ಪಂಕ್ತಿಯಲ್ಲಿ ಕಾಕಾ ಕುಳಿತಿದ್ದಾನೆ! ಹೊಸ ರುಮಾಲು, ತಿರುವಿದ ಮೀಸೆ. ಹತ್ತಿರ ಹೋಗಿ ಮೆಲ್ಲಗೆ ಕೇಳಿದರೆ, "ಕೆಲಸಾ ಬಿಡಸ್ಯಾರ, ಊಟಾ ಬಿಡಸಿಲ್ಲಲ್ಲ. ಗಿರಿಜಕ್ಕಾರು ಮೊದಲ ಕರದಿದ್ರು" ಎಂದು ಮತ್ತೊಂದು ಹೋಳಿಗೆ ಹಾಕಿಸಿಕೊಂಡ.

ವರನ ಅಜ್ಜಿಯನ್ನು ನಡುವೆ ಕುರ್ಚಿಯಲ್ಲಿ ಕೂಡಿಸಿದ್ದರು. ಸಾವಕಾರರು ಹೆಮ್ಮೆಯಿಂದ 'ಸ್ವಾಗತ' ಒತ್ತಿದರು. ನಡುವಿನ ಲೈಟುಗಳೆಲ್ಲ ಹೊತ್ತಿಕೊಂಡವು. ಎಲ್ಲರೂ ಆಹಾ ಅಂದರು. ಅಜ್ಜಿ ಸೆರಗು ಹಣೆಯ ಮೇಲೆಳೆದುಕೊಂಡು, "ಆ ದೀಪಾ ದೊಡ್ಡದು ಮಾಡ್ರಿ" ಎಂದಳು.

ಸಾವಕಾರರ ಮುಖ ಅರಳಿತು. ಬೀಗಿತ್ತಿಯೇ ಕೇಳುತ್ತಿದ್ದಾಳೆ! ನನ್ನ ಕಡೆ ಕೈ ಮಾಡಿದರು. ನಾನು ಓಡಿಹೋಗಿ ಒಂದು ಹಂತ ಪ್ರಖರ ಮಾಡಿದೆ.

"ದೊಡ್ಡದು ಮಾಡ್ರಿ ಅಂದ್ರ!"

ಇನ್ನೂ ಪ್ರಖರ ಮಾಡಿದೆ.

"ಏ, ನಿಮಗ ಕಿವಿ ಇಲ್ಲೇನು? ದೊಡ್ಡದು ಮಾಡ್ರಿ ಅಂತ ಎಷ್ಟಸಲ ಹೇಳ್ಲಿ!"

ಬೀಗರ ಮುಖಗಳು ಬಿಗಿದುಕೊಂಡವು. ಇನ್ನು ಮೇಲಕ್ಕೆ ಹೋಗಲು ಲೈಟಿನಲ್ಲಿ ಜಾಗವೇ ಇರಲಿಲ್ಲ. ಆ ಮಾತನ್ನು ವರ್ಷಗಟ್ಟಲೆ ಕೇಳಿದ ನನಗೇ, ಆಣೆ ಮಾಡಿ ಹೇಳುತ್ತೇನೆ, ಆ ಕ್ಷಣ ಏನೂ ಹೊಳೆಯಲಿಲ್ಲ. ಅಷ್ಟರಲ್ಲಿ ಎಂಜಲ ಕೈಯನ್ನು ಬೆನ್ನ ಹಿಂದೆ ಹಿಡಿದುಕೊಂಡು ಕಾಕಾ ಬಂದ, ಎಡಗೈಯಿಂದ ಒಂದು ಗುಂಡಿ ಒತ್ತಿದ. ಅಜ್ಜಿಯ ತಲೆಯ ಮೇಲಿನ ಲೈಟುಗಳು ಆರಿದವು. ಅಂಚಿನ ಬೆಳಕಷ್ಟೇ ಉಳಿಯಿತು, ದೇವರ ಮುಂದಿನ ಸಮೆಯ ದೀಪ ಕಾಣತೊಡಗಿತು.

"ಹಾಂ. ಈಗ ಮಂದಿ ಮಾರಿ ಕಾಣಾಕತ್ತಾವ" ಎಂದಳು ಅಜ್ಜಿ. "ನೀ ಯಾರ ಮಗನೋ? ಇಷ್ಟು ಮಂದ್ಯಾಗ ಒಬ್ಬಗರ ಮಾತ ತಿಳೀತಲ್ಲ."

ಮೊದಲು ನಕ್ಕವಳು ಗಿರಿಜಕ್ಕ. ಆಮೇಲೆ ಬೀಗರು ನಕ್ಕರು. ಸಾವಕಾರರೂ ನಕ್ಕರು, ಸ್ವಲ್ಪ ತಡವಾಗಿ. ಮರುವಾರ ಅವರೇ ಕಾಕಾನಿಗೆ ಹೇಳಿಕಳಿಸಿದರು. ಗುಂಡಿಗಳ ಮೇಲೆ ಕನ್ನಡದಲ್ಲಿ ಹೆಸರು ಕೆತ್ತಿಸಿಕೊಡಬೇಕು ಎಂದಾಗ ಗಿರಿಜಕ್ಕ, ಎಲ್ಲ ಆರಿಸುವ ಗುಂಡಿಗೆ 'ದೊಡ್ಡದು' ಎಂದೇ ಬರೆಸಬೇಕೆಂದು ಹಟ ಹಿಡಿದಳು. ಬರೆಸಿದೆವು. ಕಾಕಾ ಅದರ ಜಂಬವನ್ನು ಬನಹಟ್ಟಿಯಿಂದ ಬೀಳಗಿಯವರೆಗೆ ಸಾರಿದ. ಸಿಕ್ಕಸಿಕ್ಕವರಿಗೆ ಹೇಳಿ ಹೇಳಿ, ಆ ಕಥೆಯಲ್ಲಿ ಅಜ್ಜಿ ಕಡೆಗೆ ಎದ್ದು ಬಂದು ಅವನ ತಲೆಯ ಮೇಲೆ ಕೈಯಿಟ್ಟು ಹರಸಿದಳು ಎಂಬಲ್ಲಿಗೆ ಮುಟ್ಟಿತ್ತು.

ಆಮೇಲೆ ಕೆಲ ವರ್ಷ ನಾವಿಬ್ಬರೂ ಅಂಥ ಮನೆಗಳನ್ನು ಮಾಡಿದೆವು. ಪ್ರಖರವಾದರೆ 'ಏರಿತು', ಮಂದವಾದರೆ 'ಇಳೀತು', ಆರಿದರೆ 'ದೊಡ್ಡದು' ಎಂದು ಒಪ್ಪಂದ ಮಾಡಿಕೊಂಡಿದ್ದೆವು. ಆದರೂ ಅವನು ಮರೆಯುತ್ತಿದ್ದ, ನಾನೂ ಮರೆಯುತ್ತಿದ್ದೆ. ಕಡೆಕಡೆಗೆ ಸಕ್ಕರೆ ಕಾಯಿಲೆಯಿಂದ ಅವನ ಕಾಲು ಕೆಟ್ಟಿತು. ಹುನ್ನೂರಿಗೆ ಹೋಗಿ ನೋಡಿದಾಗ ಅಂಗಳದ ಹೊರಸಿನ ಮೇಲೆ ಕುಳಿತಿದ್ದ. ಏಣಿ ಗೋಡೆಗೆ ಒರಗಿತ್ತು. ಅದನ್ನು ನನಗೆ ಕೊಡು, ನೋಡಿಕೊಳ್ಳುತ್ತೇನೆ ಎಂದೆ. "ಕೊಡೂದಿಲ್ಲ. ಕಾಲ ನೆಟ್ಟಗಾದ ಮ್ಯಾಲ ನಾನ ಏರತೇನಿ" ಎಂದ. ಅವನ ಹೆಂಡತಿ ಒಳಗಿನಿಂದ, "ಏಣಿ ಅಲ್ಲ, ನನ್ನ ತಲಿ ಏರತಾನ ನೋಡು" ಎಂದಳು. ಹೊರಡುವಾಗ ಬಾಗಿಲವರೆಗೂ ಬರಲಾಗಲಿಲ್ಲ, ಅಲ್ಲಿಂದಲೇ ಕೈ ಎತ್ತಿದ. ನಾನು ಅವನನ್ನು ನೋಡಿದ್ದು ಅದೇ ಕೊನೆ.

ತೀರಿಕೊಂಡ ಸುದ್ದಿ ಬಂದ ಮೇಲೆ ಮನೆಯವರನ್ನು ಮಾತಾಡಿಸಿಕೊಂಡು ಬರಲು ಹೋದೆ. ಅಂಗಳದಲ್ಲಿ ಅವನ ಅಣ್ಣ ಬೀರಪ್ಪ ಕುಳಿತಿದ್ದ. ಬಲಗೈ ಮಡಿಲಲ್ಲಿ ಸುಮ್ಮನೆ ಬಿದ್ದಿತ್ತು. ಎಡಗೈಯಿಂದಲೇ ನನಗೆ ನೀರು ಕೊಟ್ಟ. ಕಾಕಾ ಒಳ್ಳೆಯವನಾಗಿದ್ದ, ಆ ಒಂದು ಮಾತಿನ ನೋವನ್ನು ಕಡೆತನಕ ಹೊತ್ತ ಎಂದು ನಾನು ಏನೋ ಹೇಳಲು ಹೋದೆ. ಬೀರಪ್ಪ ಖಾಲಿ ತಂಬಿಗೆ ಇಸಿದುಕೊಂಡು ಕೆಳಗಿಟ್ಟ.

"ನಿಮಗೂ ಹೇಳಿದ್ನೇನು ಅದನ್ನ? ನನಗ ಏನೂ ನೆನಪಿಲ್ಲ ತಮ್ಮಾ."

"ಅಂದ್ರ?"

"ಅಂವ ಏನ್ ಒದರಿದ್ನೋ, ನನಗ ಏನ್ ಕೇಳ್ಸ್ತೋ, ಒಂದೂ ನೆನಪಿಲ್ಲ. ಕಂಬಾ ಏರಿದ್ದ ನೆನಪೈತಿ. ಮುಂದ ದವಾಖಾನಿ. ಕಣ್ಣ ತಗದ್ರ ಅಂವ ಬಾಜೂಕ ಕುಂತ ಅಳಾಕತ್ತಿದ್ದ. ನೀ ಹಿಂಗ ಕೇಳಿಸ್ಕೊಂಡಿ, ಹೌದಿಲ್ಲೋ ಅಂತ ಅಂವನ ಕೇಳಿದ. ನಾ ಹೂಂ ಅಂದೆ. ಹೂಂ ಅಂದ್ರ ಅಳೂದು ನಿಲ್ಲಸ್ತಾನ ಅಂದಕೊಂಡೆ."

ಹೂಂ ಅನ್ನುವುದು ಮಾತಲ್ಲ, ಗಾಳಿ ಎಂದು ಏಣಿ ಇಳಿದು ಇಳಿದು ಹೇಳುತ್ತಿದ್ದವನು ತನ್ನ ಇಡೀ ಆಯುಷ್ಯವನ್ನು ಒಂದು ಹೂಂ ಮೇಲೆ ಕಟ್ಟಿಕೊಂಡಿದ್ದ. ಆ ಮಾತು ಕೆಡುಕು ಮಾಡಿತ್ತೋ ಇಲ್ಲವೋ ಯಾರಿಗೂ ಗೊತ್ತಿಲ್ಲ. ಆದರೆ ಅವನ ಕೈಕೆಳಗೆ ದುಡಿದವರಲ್ಲಿ ಒಬ್ಬರನ್ನೂ ತಂತಿ ಮುಟ್ಟಿ ಮಾತಾಡಿಸಲಿಲ್ಲ, ಅದು ಮಾತ್ರ ನನಗೆ ಗೊತ್ತು. ಜಮಖಂಡಿಯ ಬಸ್ಸಿನಲ್ಲಿ ದಾರಿಯುದ್ದಕ್ಕೂ ನನಗೆ ಅಳು ಬಂತು, ಅವನಿಗಾಗಿಯೋ ಬೀರಪ್ಪನಿಗಾಗಿಯೋ ಹೇಳಲಾರೆ.

ಹೋದ ವರ್ಷ ಗಿರಿಜಕ್ಕನ ಫೋನು ಬಂತು. ಹಾಲಿನ ಅಂಚಿನ ಲೈಟುಗಳು ಆರಿಸಿದ ಮೇಲೂ ಮಿಣಮಿಣ ಉರಿಯುತ್ತಿವೆಯಂತೆ. ಯಾರೋ ಹೊಸ ಮೆಕ್ಯಾನಿಕ್ ಬಂದವನು ಡಬ್ಬಿ ಕೆಟ್ಟಿದೆ ಎಂದನಂತೆ. ಜೊತೆಗೆ, 'ದೊಡ್ಡದು' ಎಂದು ಬರೆದ ಗುಂಡಿ ಒತ್ತಿದರೆ ಲೈಟು ಆರುತ್ತದೆ, ಹೆಸರು ಉಲ್ಟಾ ಬರೆಸಿದ್ದೀರಿ ಎಂದೂ ಹೇಳಿದನಂತೆ. "ಅವಗ ಚಹಾ ಕುಡಿಸಿ ಕಳಸಿದೆ. ನೀವ ಬರ್ರಿ" ಎಂದಳು ಅಕ್ಕ.

ಹೋದೆ. ಏಣಿ ಹಾಕಿ ಛತ್ತಿನ ಪೊಳ್ಳಿನಲ್ಲಿ ತಲೆ ತೂರಿಸಿ ಬ್ಯಾಟರಿ ಬಿಟ್ಟೆ. ಧೂಳಿನಲ್ಲಿ ಕಾಕಾನ ಹಳದಿ ಬಲ್ಬು ಜೋತಾಡುತ್ತಿತ್ತು. ಒಳಗಿನ ತಂತಿ ಹರಿದಿತ್ತು, ಗಾಜು ಕಪ್ಪಾಗಿತ್ತು. ಇಷ್ಟು ವರ್ಷ ಯಾರಿಗೂ ಕಾಣದೆ ಕೆಲಸ ಮಾಡಿ ಅದು ಶಾಂತ ಆಗಿತ್ತು. ಹೋಲ್ಡರೂ ಸಡಿಲಾಗಿತ್ತು, ಬಿಚ್ಚಿ ಕಟ್ಟಬೇಕಿತ್ತು. ಗಿರಿಜಕ್ಕ ಕೆಳಗೆ ಮೇನ್ ಹತ್ತಿರ ಹೋದಳು.

"ಬಂದ್ ಐತೇನ್ರಿ ಅಕ್ಕಾರ" ಎಂಬುದು ತುಟಿಯವರೆಗೆ ಬಂದಿತ್ತು. ನುಂಗಿದೆ.

"ಅಕ್ಕಾರ, ದೊಡ್ಡದಾತೇನ್ರಿ?"

ಕೆಳಗಿನಿಂದ ಹೂಂ ಬರಲಿಲ್ಲ.

"ಆತ್ರೀ!" ಎಂದು ಬಾಯಿ ತೆಗೆದು ಕೂಗಿದಳು ಗಿರಿಜಕ್ಕ. "ದೊಡ್ಡದಾತು!"

ಟೆಸ್ಟರ್ ಹಚ್ಚಿ ನೋಡಿದೆ. ಆಮೇಲೆ ತಂತಿಗೆ ಕೈ ಹಚ್ಚಿದೆ.